ಅರ್ಧ ಮೀಸೆ ಪಣಕ್ಕಿಟ್ಟು ಸಿಂಗಪುರಕ್ಕೆ

ಹಿರೀಸಾವೆ

ಸಿಂಗಪುರಕ್ಕೆ ಹೋಗುವವರೆಲ್ಲ ನೋಡಲು ಹೋಗುತ್ತಾರೆ. ನಾನು ಹೋದದ್ದು ಗೆಲ್ಲಲು. ನನ್ನ ಅರ್ಧ ಮೀಸೆ ಆ ಪ್ರವಾಸದ ಮೇಲೆ ಪಣಕ್ಕೆ ಬಿದ್ದಿತ್ತು. ಕಥೆ ಶುರುವಾದದ್ದು ವಿಮಾನ ನಿಲ್ದಾಣದಲ್ಲಲ್ಲ, ಹಿರೀಸಾವೆಯ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ. ಹಾಗಾಗಿ ನಾನೂ ಅಲ್ಲಿಂದಲೇ ಹೊರಡುತ್ತೇನೆ.

ನಾನು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇಟ್ಟವನು. ರೈತರು ತಂದ ಕೊಬ್ಬರಿಯನ್ನು ಹೊರಗಿನ ವ್ಯಾಪಾರಿಗಳಿಗೆ ಕೊಡಿಸಿ ನಡುವೆ ಕಮಿಷನ್ ತೆಗೆದುಕೊಳ್ಳುವುದು ಕಸುಬು. ಮಂಡಿ ಅಪ್ಪನಿಂದ ಬಂದದ್ದು, ಮೀಸೆಯೂ ಅಪ್ಪನಿಂದ ಬಂದದ್ದು. ಎರಡನ್ನೂ ಸೊಂಪಾಗಿ ಉಳಿಸಿಕೊಂಡು ಬಂದಿದ್ದೇನೆ. ನನ್ನ ಸ್ವಂತ ಸಂಪಾದನೆ ಎಂದರೆ ಒಂದು ಸಿದ್ಧಾಂತ: ಸರ್ಕಾರ ವ್ಯಾಪಾರದಿಂದ ಕೈ ತೆಗೆಯಬೇಕು. ಮಾರುವವನು, ಕೊಳ್ಳುವವನು ಇಬ್ಬರೇ ಕೂತು ಬೆಲೆ ಮಾತಾಡಿಕೊಳ್ಳಲಿ, ನಡುವೆ ಮೂರನೆಯವನು ಯಾಕೆ? ಇದನ್ನು ಹೇಳಿದಾಗಲೆಲ್ಲ ನನ್ನ ಹೆಂಡತಿ ಗಿರಿಜ, “ನಡುವೆ ಇರೋ ಮೂರನೆಯವರು ನೀವೇ ಅಲ್ವೇನ್ರೀ?” ಎನ್ನುತ್ತಾಳೆ. ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದೇನೆ.

ಈ ಸಿದ್ಧಾಂತಕ್ಕೆ ಇರುವ ಶತ್ರು ಒಬ್ಬನೇ, ಅವನೂ ಮನೆಯವನೇ. ಗಿರಿಜಳ ತಮ್ಮ ಶಿವಣ್ಣ. ಹಿರೀಸಾವೆ ಹತ್ತಿರ ತೆಂಗಿನ ತೋಟ ಮಾಡಿಕೊಂಡಿದ್ದಾನೆ. ಜನ ಮನೆದೇವರನ್ನು ನಂಬುವ ಹಾಗೆ ಅವನು ಸರ್ಕಾರವನ್ನು ನಂಬುತ್ತಾನೆ: ತಡವಾಗಿಯಾದರೂ ಕಣ್ಣು ಬಿಡುತ್ತದೆ ಎಂದು. ಅವನ ವರ್ಷದ ಕೊಬ್ಬರಿಯೆಲ್ಲ ಅಟ್ಟದ ಮೇಲೆ ಒಣಗಿ ಮಾರಾಟಕ್ಕೆ ತಯಾರಾಗಿತ್ತು. ಅದನ್ನು ನನ್ನ ಮಂಡಿಗೆ ತರುವ ಬದಲು, ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರದ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೋ ಎಂದು ಕಾಯುತ್ತಿದ್ದ. ಸ್ವಂತ ಭಾಮೈದನೇ ಹೀಗೆ ಮಾಡಿದರೆ ಊರಿನವರ ಎದುರು ನನ್ನ ಮರ್ಯಾದೆ ಏನಾಗಬೇಕು?

ಒಂದು ಭಾನುವಾರ ಇದನ್ನು ಇತ್ಯರ್ಥ ಮಾಡಲೆಂದು ನಾನು, ಗಿರಿಜ ಕೆಂಪು ಬಸ್ಸು ಹತ್ತಿ ಹಿರೀಸಾವೆಗೆ ಹೊರಟೆವು. ಚನ್ನರಾಯಪಟ್ಟಣದ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವುದರಲ್ಲಿ ನಾನು ಪಳಗಿದವನು. ಟವಲ್ ಬಿತ್ತೆಂದರೆ ಸೀಟು ನನ್ನದು. ಎಂಥ ಗದ್ದಲದಲ್ಲೂ, ಎಂಥ ಪೈಲ್ವಾನನೂ ಅದನ್ನು ಎತ್ತಿಟ್ಟು ಕೂರುವುದಿಲ್ಲ. ಕಂಡಕ್ಟರ್ ಗಿರಿಜಳಿಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟ, ನನ್ನಿಂದ ದುಡ್ಡು ಇಸಿದುಕೊಂಡ. ಈ ಬಿಟ್ಟಿ ಯೋಜನೆಗಳಿಂದ ದೇಶ ಹೇಗೆ ಹಾಳಾಗುತ್ತಿದೆ ಎಂದು ನಾನು ದಾರಿಯುದ್ದಕ್ಕೂ ವಿವರಿಸಿದೆ. ಅವಳು ನಾನು ಹಿಡಿದುಕೊಟ್ಟ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದಳು.

ಹೋಟೆಲಿನಲ್ಲಿ ಶಿವಣ್ಣ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕಾಯುತ್ತಿದ್ದ.

“ಅಟ್ಟದ ಮೇಲಿನ ಕೊಬ್ರಿ ಯಾವಾಗ ಇಳಿಸ್ತೀಯೋ?” ಎಂದೆ.

“ಸರ್ಕಾರ್ದೋರು ಕೇಂದ್ರ ತೆಗೀತಾರಂತೆ ಭಾವ. ಅಲ್ಲೀಗಂಟ ಇಳ್ಸಾಕಿಲ್ಲ.”

“ನಿನ್ನ ಸರ್ಕಾರ ತಕ್ಕಡಿ ತರೋ ಹೊತ್ತಿಗೆ ಅರ್ಧ ಇಲಿ ತಿಂದಿರ್ತವೆ ಕಣಯ್ಯಾ.”

“ತಿನ್ಲಿ ಬುಡಿ. ಇಲಿಗಳಾದ್ರೆ ಸ್ಯಾಂಪಲ್ಲು ಅಂತ ಚೀಲ್ದಿಂದ ಎತ್ಕಂಡು ಮನೇಗ್ ಕಳ್ಸಾಕಿಲ್ಲ.”

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಮಂಡಿಯಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವುದು ವಾಡಿಕೆ, ಅದು ಮನೆಯ ಚಟ್ನಿಗೆ ಹೋಗುವುದೂ ವಾಡಿಕೆ. ನನಗೆ ರೇಗಿತು. ಸರ್ಕಾರ ಕೈ ತೆಗೆದ ದೇಶಗಳು ಹೇಗೆ ಉದ್ಧಾರವಾಗಿವೆ ಎಂದು ಶುರು ಮಾಡಿದೆ. ಆ ತಿಂಗಳೇ ನಾವಿಬ್ಬರೂ ಹಾಸನದ ಪ್ರವಾಸದವರ ಜೊತೆ ಸಿಂಗಪುರಕ್ಕೆ ಹೋಗುವುದಿತ್ತು. ಹಾಗಾಗಿ ಬಾಯಿಗೆ ಬಂದ ಹೆಸರೂ ಅದೇ.

“ಸಿಂಗಪುರ ನೋಡು! ಅಲ್ಲಿ ಸರ್ಕಾರ ಇದೆ ಅನ್ನೋದೇ ಗೊತ್ತಾಗಲ್ಲ. ಎಲ್ಲ ವ್ಯಾಪಾರ, ಬರೀ ವ್ಯಾಪಾರ!”

ಶಿವಣ್ಣ ಕೈ ತೊಳೆದುಕೊಂಡು ಬಂದು ಎದುರು ಕೂತ. “ಎಂಗೂ ಓಗ್ತಿದೀರಲ್ಲ ಭಾವ. ನೋಡ್ಕಂಡ್ ಬನ್ನಿ. ಸರ್ಕಾರದ ಕೈ ಬೀಳ್ದೆ ಸಲೀಸಾಗಿ ನಡೆಯೋ ಒಂದೇ ಒಂದು ಯವಾರ ಅಲ್ಲಿಂದ ತಂದು ತೋರ್ಸುದ್ರೆ, ಅಟ್ಟದಲ್ಲಿರೋ ಅಷ್ಟೂ ಕೊಬ್ರಿ ನಿಮ್ ಮಂಡೀಗೆ. ಕೇಂದ್ರದ ಕಡೀಕೆ ತಲೆ ಹಾಕಿ ಮಲಗಾಕಿಲ್ಲ. ತೋರ್ಸಲಿಲ್ಲ ಅಂದ್ರೆ?”

“ಅರ್ಧ ಮೀಸೆ ಬೋಳಿಸ್ಕೋತೀನಿ!”

ನಮ್ಮ ಕಡೆ ಎಲ್ಲರೂ ಆಡುವ ಮಾತು ಇದು. ಯಾರೂ ಬೋಳಿಸಿಕೊಂಡದ್ದನ್ನು ನಾನು ಕಂಡಿಲ್ಲ. ಆದರೆ ಹೋಟೆಲಿನ ಯಜಮಾನ ನಂಜಪ್ಪ ಗಲ್ಲಾಪೆಟ್ಟಿಗೆಯಿಂದ ಎದ್ದು ನಿಂತು, “ಎಲ್ರೂ ಕೇಳಿಸ್ಕಂಡ್ರಲ್ಲಾ? ಸಾವ್ಕಾರ್ರ ಅರ್ಧ ಮೀಸೆ!” ಎಂದು ಕೂಗಿಬಿಟ್ಟ. ತೀರ್ಪು ಕೊಡುವವರು ಯಾರು ಎಂಬ ಪ್ರಶ್ನೆ ಬಂತು. ಒಂದು ಕಡೆ ಗಂಡ, ಒಂದು ಕಡೆ ತಮ್ಮ. ಗಿರಿಜಳೇ ಸರಿ ಎಂದು ಹೋಟೆಲೇ ಒಪ್ಪಿತು. ಅವಳು ಕಾಫಿ ಲೋಟ ಕೆಳಗಿಟ್ಟು ನನ್ನ ಮೀಸೆಯನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಆಕಾಶ

ವಿಮಾನ ಹತ್ತಲು ಕರೆದಾಗ ಅಭ್ಯಾಸ ಬಲದಿಂದ ಓಡಿಹೋಗಿ ಮೊದಲು ನಿಂತೆ. ಟವಲ್ ಕೈಯಲ್ಲೇ ಇತ್ತು. ಒಳಗೆ ಹೋದರೆ ಪ್ರತಿ ಸೀಟಿಗೂ ನಂಬರು, ಪ್ರತಿ ನಂಬರಿಗೂ ಹೆಸರು. ಕೊನೆಗೆ ನಿಧಾನವಾಗಿ ನಡೆದುಬಂದವರಿಗೂ ನನ್ನಷ್ಟೇ ಸೀಟು. ಓಡಿದ್ದಕ್ಕೆ ಬೆಲೆಯೇ ಇಲ್ಲ ಎನ್ನುವುದು ನನ್ನಂಥ ಪೈಪೋಟಿಯ ಪಕ್ಷಪಾತಿಗೆ ಬೇಸರದ ಸಂಗತಿ. ಆದರೂ ಬಚ್ಚಲಿಗೆ ಎದ್ದು ಹೋಗುವಾಗ ಮನಸ್ಸು ತಡೆಯದೆ ಸೀಟಿನ ಮೇಲೆ ಟವಲ್ ಹಾಸಿ ಹೋದೆ. ವಾಪಸ್ಸು ಬಂದಾಗ ಗಗನಸಖಿ ಅದನ್ನು ಅಂದವಾಗಿ ಮಡಿಸಿ, ಏನೋ ಮರೆತು ಹೋಗಿದ್ದೀರಿ ಎನ್ನುವ ಹಾಗೆ ನನ್ನ ಕೈಗಿಟ್ಟಳು.

“ಇಲ್ಲಿ ಯಾರು ಬಂದು ನಿಮ್ಮ ಸೀಟು ಕಿತ್ಕೋತಾರೆ? ಮೇಲಿಂದ ಯಾರಾದ್ರೂ ಹತ್ತುತಾರಾ?” ಎಂದಳು ಗಿರಿಜ.

ಸೆಲ್ವಂ ಅವರ ಕಾರು

ಸಿಂಗಪುರದ ಚೆಲುವಿನ ಬಗ್ಗೆ ಬೇರೆಯವರು ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಮೊದಲ ದಿನ ನಾನು ಗಮನಿಸಿದ್ದು ಎರಡೇ: ರಸ್ತೆಯಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ, ಮತ್ತು ಎಲೆ ಅಡಿಕೆ ಹಾಕಿಕೊಂಡವನಿಗೆ ಉಗಿಯಲು ಇಡೀ ದೇಶದಲ್ಲಿ ಜಾಗವಿಲ್ಲ. ಬಾಯಿ ತುಂಬಿಸಿಕೊಂಡು ಹೋಟೆಲ್ ಕೋಣೆಯ ಬಚ್ಚಲು ಸೇರುವಷ್ಟರಲ್ಲಿ ನನ್ನ ಮಾತು ನಿಂತು ಎಷ್ಟೋ ಹೊತ್ತಾಗಿತ್ತು. ಮದುವೆಯಾದ ಮೇಲೆ ಇಷ್ಟು ನೆಮ್ಮದಿಯ ಸಂಜೆ ಕಂಡಿರಲಿಲ್ಲ ಎಂದು ಗಿರಿಜ ಹೇಳಿದಳು.

ಮರುದಿನ ಗುಂಪಿನವರೆಲ್ಲ ಮೀನಿನ ಮನೆ ನೋಡಲು ಹೋದರು. ನಮಗೆ ಪಂದ್ಯದ ಕೆಲಸವಿತ್ತು. ಒಂದು ಟ್ಯಾಕ್ಸಿ ಹಿಡಿದೆವು. ಡ್ರೈವರ್ ಸೆಲ್ವಂ, ಅಲ್ಲೇ ಹುಟ್ಟಿ ಬೆಳೆದ ತಮಿಳರು, ನನ್ನ ವಯಸ್ಸಿನವರು. ಕೊಬ್ಬರಿಯನ್ನು ತಮಿಳುನಾಡಿನ ಎಣ್ಣೆ ಮಿಲ್ಲುಗಳಿಗೆ ಕಳಿಸಿ ಕಳಿಸಿ ನನಗೆ ವ್ಯಾಪಾರಕ್ಕಾಗುವಷ್ಟು ತಮಿಳು ಬರುತ್ತದೆ. ನಮ್ಮ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ.

“ಇಲ್ಲಿ ಎಲ್ಲ ಖಾಸಗಿ ಅಲ್ವಾ?” ಎಂದು ಉತ್ತರವನ್ನೂ ಸೇರಿಸಿಯೇ ಪ್ರಶ್ನೆ ಹಾಕಿದೆ. “ನಿಮ್ಮ ಮನೆ ಸ್ವಂತದ್ದು ತಾನೇ?”

“ಸ್ವಂತದ್ದೇ. ಸರ್ಕಾರ ಕಟ್ಟಿದ್ದು.”

“ಹಾಗಾದರೆ ಸರ್ಕಾರದ್ದು.”

“ಇಲ್ಲಪ್ಪಾ, ನಾನು ದುಡ್ಡು ಕೊಟ್ಟು ಕೊಂಡದ್ದು. ತೊಂಬತ್ತೊಂಬತ್ತು ವರ್ಷಕ್ಕೆ.”

“ಆಮೇಲೆ?”

“ಆಮೇಲೆ ನಾನಿರಲ್ಲ.”

ಹಿಂದಿನ ಸೀಟಿನಲ್ಲಿ ಗಿರಿಜ ಒಂದು ಬೆರಳು ಮಡಿಸಿದ್ದು ಕನ್ನಡಿಯಲ್ಲಿ ಕಾಣಿಸಿತು. ಅವಳಿಗೆ ತಮಿಳು ಬರುವುದಿಲ್ಲ ಎಂದುಕೊಂಡಿದ್ದೆ. ಸರ್ಕಾರ ಎಂಬ ಮಾತು ಯಾವ ಭಾಷೆಯಲ್ಲಿದ್ದರೂ ಅವಳ ಕಿವಿಗೆ ಬೀಳುತ್ತಿತ್ತು.

ಊರಿನ ಬಹುಪಾಲು ಜನ ಅಂಥದೇ ಮನೆಗಳಲ್ಲಿರುವುದಂತೆ. ನೆಲವೂ ಬಹುಪಾಲು ಸರ್ಕಾರದ್ದೇ ಅಂತೆ. ನಾನು ಮಾತು ತಿರುಗಿಸಿ ಕಾರಿನ ವಿಷಯಕ್ಕೆ ಬಂದೆ. ಕಾರು ಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು? ಸೆಲ್ವಂ ನಕ್ಕರು. ಅಲ್ಲಿ ಕಾರು ಕೊಳ್ಳುವ ಮೊದಲು ಕಾರು ಇಟ್ಟುಕೊಳ್ಳುವ ಹಕ್ಕನ್ನು ಕೊಳ್ಳಬೇಕು. ಅದನ್ನು ಸರ್ಕಾರ ಹರಾಜು ಹಾಕುತ್ತದೆ. ಕೆಲವು ಸಲ ಹಕ್ಕಿನ ಬೆಲೆ ಕಾರಿನ ಬೆಲೆಯನ್ನೂ ಮೀರುತ್ತದೆ.

“ಹರಾಜು!” ಎಂದು ನಾನು ಕುಣಿದಾಡಿಬಿಟ್ಟೆ. “ಕೇಳಿಸ್ಕೊಂಡ್ಯಾ ಗಿರಿಜಾ? ಹರಾಜು ಅಂದ್ರೆ ಮಾರುಕಟ್ಟೆ!”

“ಕೂಗೋರು ಯಾರಂತೆ?”

ಕೂಗುವವರು ಸರ್ಕಾರದವರೇ. ಗಿರಿಜ ಇನ್ನೊಂದು ಬೆರಳು ಮಡಿಸಿದಳು. ಇಲ್ಲಿ ಸರ್ಕಾರ ಮಾರುಕಟ್ಟೆಯೊಳಗೆ ಕೈ ಹಾಕಿದೆಯೋ, ಮಾರುಕಟ್ಟೆ ಸರ್ಕಾರದೊಳಗೆ ಕೈ ಹಾಕಿದೆಯೋ ನನಗೇ ಗೊಂದಲವಾಯಿತು.

“ನಿಮಗೆ ಸಿಟ್ಟು ಬರಲ್ವಾ?” ಎಂದು ಸೆಲ್ವಂ ಅವರನ್ನೇ ಕೇಳಿದೆ.

“ದಿನಾ ಬೈತೀನಿ. ಆದರೆ ನನ್ನ ಮಗಳು ಹೊಲಿಗೆ ಅಂಗಡಿ ತೆರೀತೀನಿ ಅಂತ ಬೆಳಿಗ್ಗೆ ಮನೇಲೇ ಕೂತು ಅರ್ಜಿ ಹಾಕಿದಳು. ಸಂಜೆಯೊಳಗೆ ಕಾಗದ ಬಂತು. ಅವತ್ತೊಂದು ದಿನ ಬೈಯೋದು ಮರೆತೆ.”

ಈ ಮಾತು ನನ್ನನ್ನು ನಿಜವಾಗಿ ತಟ್ಟಿತು. ನನ್ನ ಮಂಡಿಯ ಲೈಸೆನ್ಸ್ ನವೀಕರಿಸಲು ನಾನು ಮೆಟ್ಟಿಲು ಹತ್ತಿದ ಕಚೇರಿಗಳು ಕಣ್ಣ ಮುಂದೆ ಬಂದವು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಸಾಹೇಬರು ಹಾಸನಕ್ಕೆ ಹೋಗಿದ್ದಾರೆ. ಈ ದೇಶದ ಸರ್ಕಾರ ಎಲ್ಲದಕ್ಕೂ ಕೈ ಹಾಕುತ್ತದೆ, ಆದರೆ ಕಾಲು ಅಡ್ಡ ಹಾಕುವುದಿಲ್ಲ. ಹೊಟ್ಟೆ ಉರಿಯಿತು, ಒಪ್ಪಿಕೊಳ್ಳುತ್ತೇನೆ. ಆದರೆ ಪಂದ್ಯ ಇದ್ದದ್ದು ಕಾಲಿನ ಬಗ್ಗೆ ಅಲ್ಲ, ಕೈಯ ಬಗ್ಗೆ. ಮೇಲುತುಟಿ ಆಗಲೇ ತಣ್ಣಗೆ ಅನಿಸತೊಡಗಿತು.

ಊಟದ ಅಂಗಳ

ಮಧ್ಯಾಹ್ನ ಸೆಲ್ವಂ ನಮ್ಮನ್ನು ಒಂದು ದೊಡ್ಡ ಊಟದ ಅಂಗಳದ ಮುಂದೆ ಇಳಿಸಿದರು. ಮೇಲೆ ಸೂರು, ಕೆಳಗೆ ಸುತ್ತಲೂ ಸಣ್ಣ ಸಣ್ಣ ಅಂಗಡಿಗಳು, ನಡುವೆ ಟೇಬಲ್ಲುಗಳು. ನಮ್ಮ ಸಂತೆಯನ್ನು ತೊಳೆದು ಒರೆಸಿ ಸೂರಿನ ಕೆಳಗೆ ಜೋಡಿಸಿದ ಹಾಗಿತ್ತು. ಕಟ್ಟಡ ಯಾರದೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಪ್ರತಿ ಅಂಗಡಿಯ ಮೇಲೂ ಶುಚಿತ್ವಕ್ಕೆ ದರ್ಜೆ ಕೊಟ್ಟ ಫಲಕವಿತ್ತು. ಗಿರಿಜ ಅದನ್ನು ನೋಡಿ ಬೆರಳು ಮಡಿಸುವ ಗೋಜಿಗೇ ಹೋಗಲಿಲ್ಲ.

ನಾವು ಸಸ್ಯಾಹಾರಿಗಳು. ಅವಳು ದೋಸೆಯ ಅಂಗಡಿ ಹುಡುಕಿಕೊಂಡು ಹೋದಳು. ಸೀಟು ಹಿಡಿಯುವ ಕೆಲಸ ನನಗೆ ಬಿತ್ತು. ಕಚೇರಿಯವರೆಲ್ಲ ಊಟಕ್ಕೆ ಬಂದಿದ್ದ ಹೊತ್ತು, ಕಾಲಿಡಲು ಜಾಗವಿಲ್ಲ. ಆದರೆ ನಡುವಿನಲ್ಲೇ ಒಂದು ಟೇಬಲ್ ಖಾಲಿ! ಜನ ತಟ್ಟೆ ಹಿಡಿದು ಅದರ ಸುತ್ತಲೇ ಓಡಾಡುತ್ತಿದ್ದಾರೆ, ಯಾರೂ ಕೂರುತ್ತಿಲ್ಲ. ಇಷ್ಟು ದಡ್ಡ ಜನ ದೇಶ ಹೇಗೆ ಕಟ್ಟಿದರು ಎಂದುಕೊಳ್ಳುತ್ತ ಹೋಗಿ ಕೂತೆ.

ಟೇಬಲ್ಲಿನ ಮೇಲೆ ಕಾಗದದ ಕರವಸ್ತ್ರಗಳ ಒಂದು ಸಣ್ಣ ಪೊಟ್ಟಣವಿತ್ತು. ಟಿಶ್ಯೂ ಎನ್ನುತ್ತಾರಲ್ಲ, ಅದು. ಓಹೋ, ಮುಖ ಒರೆಸುವುದನ್ನೂ ಈ ಸರ್ಕಾರ ಬಿಟ್ಟಿ ಕೊಡುತ್ತಿದೆ ಎಂದು ರೇಗಿತು. ರೇಗಿಕೊಂಡೇ ಒಂದು ಎಳೆದು ಹಣೆ ಒರೆಸಿದೆ. ಇನ್ನೊಂದು ಎಳೆದು ಕತ್ತು ಒರೆಸಿದೆ. ಬಿಟ್ಟಿಯದಲ್ಲವೇ ಎಂದು ಮೂಗನ್ನೂ ಸೀನಿಕೊಂಡೆ.

ಆಗ ಒಬ್ಬ ಹುಡುಗಿ, ಯಾವುದೋ ಕಚೇರಿಯವಳು, ಬಿಸಿ ಸಾರಿನ ಬಟ್ಟಲು ಹಿಡಿದು ಬಂದು ನನ್ನೆದುರು ನಿಂತಳು. ನನ್ನನ್ನು ನೋಡಿದಳು, ಪೊಟ್ಟಣವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನನಗೆ ಹೊಳೆಯಿತು. ಅಂಗಳದ ಬಾಗಿಲಲ್ಲಿ ಒಬ್ಬ ಮುದುಕಿ ಇಂಥವೇ ಪೊಟ್ಟಣಗಳನ್ನು ಮಾರುತ್ತಿದ್ದಳು. ಹಾಗಾದರೆ ಇದು ಬಿಟ್ಟಿಯಲ್ಲ, ಮಾಲು! ಈ ಹುಡುಗಿ ಮಾಲಿನ ಒಡತಿ! ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ ಜೇಬಿನಿಂದ ಒಂದು ನಾಣ್ಯ ತೆಗೆದು, ಚೌಕಾಸಿಯನ್ನೂ ಮಾಡದೆ, ಮರ್ಯಾದೆಯಿಂದ ಅವಳ ಮುಂದೆ ಚಾಚಿದೆ.

ಹುಡುಗಿಯ ಮುಖ ಕೆಂಪಾಯಿತು. ಪಕ್ಕದ ಟೇಬಲ್ಲಿನವರು ತಿನ್ನುವುದನ್ನು ನಿಲ್ಲಿಸಿದರು. ಒಬ್ಬ ಮುದುಕರು ನನ್ನ ಕಡೆ ಬಾಗಿ, ಅದು ಮಾರುವುದಲ್ಲ, ಅವಳು ಜಾಗ ಹಿಡಿದು ಹೋಗಿದ್ದಳು ಎಂದು ಇಂಗ್ಲಿಷಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು. ಪೊಟ್ಟಣದಿಂದ ಜಾಗ ಹಿಡಿಯುವುದು ಹೇಗೆಂದು ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ದೋಸೆ ತಟ್ಟೆಗಳನ್ನು ಹಿಡಿದು ಬಂದ ಗಿರಿಜ ಒಂದೇ ನೋಟಕ್ಕೆ ಎಲ್ಲ ಗ್ರಹಿಸಿದಳು.

“ರೀ, ಏಳ್ರೀ ಮೇಲೆ! ಅದು ಟವಲ್ಲು ಕಣ್ರೀ!”

ಸುತ್ತ ನೋಡಿದೆ. ಹೌದು, ಅಲ್ಲೊಂದು ಖಾಲಿ ಟೇಬಲ್ಲಿನ ಮೇಲೆ ಟಿಶ್ಯೂ ಪೊಟ್ಟಣ, ಇಲ್ಲೊಂದು ಕುರ್ಚಿಯ ಮೇಲೆ ಕೊಡೆ. ಯಾರೂ ಮುಟ್ಟುತ್ತಿಲ್ಲ. ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಟವಲ್ ಹಾಕುವುದರಲ್ಲೇ ಅರ್ಧ ಆಯುಷ್ಯ ಕಳೆದವನು ನಾನು, ಇನ್ನೊಬ್ಬರ ಟವಲ್ಲಿನಲ್ಲಿ ಮೂಗು ಸೀನಿಕೊಂಡು ಕೂತಿದ್ದೆ! ನಾಚಿಕೆಯಿಂದ ನೆಲ ಕಾಣದಾಯಿತು.

ಗಿರಿಜ ಚೀಲದಿಂದ ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ತೆಗೆದು ಹುಡುಗಿಯ ಕೈಗಿಟ್ಟಳು, ಕನ್ನಡದಲ್ಲೇ ಕ್ಷಮೆ ಕೇಳಿದಳು. ಹುಡುಗಿಗೆ ಏನು ತಿಳಿಯಿತೋ, ನಕ್ಕುಬಿಟ್ಟಳು. ನಮ್ಮನ್ನೂ ಅಲ್ಲೇ ಕೂರಿಸಿಕೊಂಡಳು. ಎದ್ದು ಹೋಗುವಾಗ ಉಳಿದ ಪೊಟ್ಟಣವನ್ನು ನನ್ನ ಕಡೆಗೇ ಸರಿಸಿದಳು. ನನ್ನ ಮೂಗಿನ ಮೇಲೆ ಅವಳಿಗೆ ಕನಿಕರ ಹುಟ್ಟಿರಬೇಕು.

ಪೊಟ್ಟಣ ಕೈಗೆ ಬಂದದ್ದೇ ನನಗೆ ಜ್ಞಾನೋದಯವಾಯಿತು. “ಗಿರಿಜಾ, ಗೆದ್ದೆ! ಇದಕ್ಕೆ ಯಾವ ಕಾನೂನಿದೆ? ಯಾವ ಲೈಸೆನ್ಸಿದೆ? ಜನಾನೇ ಮಾಡ್ಕೊಂಡಿರೋ ವ್ಯವಸ್ಥೆ. ಸರ್ಕಾರದ ಕೈ ಎಲ್ಲಿದೆ ತೋರ್ಸು!”

ಅವಳು ದೋಸೆ ಮುರಿಯುತ್ತ ಯೋಚಿಸಿದಳು. “ಸರ್ಕಾರ ಇಲ್ಲ, ನಿಜ. ಆದ್ರೆ ನಿಮ್ಮ ವ್ಯಾಪಾರಾನೂ ಇಲ್ವಲ್ರೀ. ದುಡ್ಡು ಕೊಡೋಕೆ ಹೋಗಿದ್ದಕ್ಕೆ ತಾನೇ ಆ ಮಗು ಮುಖ ಹಾಗಾಗಿದ್ದು?”

“ಪಂದ್ಯದಲ್ಲಿ ಯವಾರ ಅಂತ ಇತ್ತು. ಇದೂ ಒಂದು ಯವಾರಾನೇ.”

“ಊರಿಗೆ ಹೋಗಿ ಹೇಳ್ತೀನಿ,” ಎಂದಳು. ನನಗೆ ಅಷ್ಟು ಸಾಕಿತ್ತು. ಟಿಶ್ಯೂ ಪೊಟ್ಟಣವನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡೆ.

ಜಂಭದಿಂದ ಎದ್ದು ಹೊರಟವನನ್ನು ಸಮವಸ್ತ್ರದವನೊಬ್ಬ ಅಡ್ಡಗಟ್ಟಿದ. ತಿಂದ ತಟ್ಟೆಯನ್ನು ತಿಂದವರೇ ಎತ್ತಿ ಅದರ ಜಾಗಕ್ಕೆ ಇಡಬೇಕಂತೆ, ಇಡದಿದ್ದರೆ ದಂಡವಂತೆ. ಮನೆಯಲ್ಲಿ ಎಂದೂ ತಟ್ಟೆ ಎತ್ತದ ನಾನು ಪರದೇಶದಲ್ಲಿ ಎರಡು ತಟ್ಟೆ ಹೊತ್ತುಕೊಂಡು ನಡೆದೆ. ಹಿಂದಿನಿಂದ ಗಿರಿಜ, “ಈ ಸರ್ಕಾರ ನಮ್ಮನೆಗೂ ಒಂದಿನ ಬರ್ಲಪ್ಪಾ!” ಎಂದು ಎರಡೂ ಕೈ ಎತ್ತಿ ಮುಗಿದಳು.

ಚನ್ನರಾಯಪಟ್ಟಣ

ಊರಿಗೆ ಬಂದರೆ ಖರೀದಿ ಕೇಂದ್ರದ ನೋಂದಣಿ ಶುರುವಾಗಿಬಿಟ್ಟಿತ್ತು. ಶಿವಣ್ಣ ಬೆಳಗಿನ ಮೊದಲ ಬಸ್ಸಿಗೇ ಬಂದು ಸಾಲಿನಲ್ಲಿದ್ದಾನೆ ಎಂದು ಸುದ್ದಿ. ಪಂದ್ಯ ತೀರುವ ಮೊದಲೇ ನೋಂದಣಿ ಮಾಡಿಸಿಬಿಟ್ಟರೆ ನನ್ನ ಗೆಲುವಿಗೆ ಏನು ಅರ್ಥ? ಸ್ನಾನ ಮಾಡಿ ವಿಭೂತಿ ಹಚ್ಚಿ, ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಮಾರುಕಟ್ಟೆ ಯಾರ್ಡಿಗೆ ಓಡಿದೆ.

ಅಲ್ಲಿ ಕಂಡ ನೋಟಕ್ಕೆ ನನ್ನ ಮೀಸೆ ತಾನಾಗಿ ಮೇಲೆದ್ದಿತು. ಕೇಂದ್ರದ ಬಾಗಿಲು ಇನ್ನೂ ತೆಗೆದಿರಲಿಲ್ಲ. ಬಾಗಿಲಿಂದ ಗೇಟಿನವರೆಗೆ ಉದ್ದನೆಯ ಸಾಲು, ಆದರೆ ಸಾಲಿನಲ್ಲಿ ಮನುಷ್ಯರೇ ಇಲ್ಲ! ಒಂದು ಜೊತೆ ಚಪ್ಪಲಿ, ಒಂದು ಕಲ್ಲು, ಒಂದು ಹೆಲ್ಮೆಟ್ಟು, ಮತ್ತೆ ಚಪ್ಪಲಿ, ಒಂದು ಟಿಫನ್ ಕ್ಯಾರಿಯರ್, ಮತ್ತು ಸಾಲಿನ ಮುಂಭಾಗದಲ್ಲೇ ಶಿವಣ್ಣನ ಹಸಿರು ಅಂಚಿನ ಟವಲ್. ಅವುಗಳ ಒಡೆಯರೆಲ್ಲ ಹೊಂಗೆ ಮರದ ನೆರಳಿನಲ್ಲಿ ಕೂತು ಹರಟುತ್ತಿದ್ದರು.

“ನೋಡೋ ಶಿವಣ್ಣ!” ಎಂದು ಪೊಟ್ಟಣ ಎತ್ತಿ ಹಿಡಿದು ಸಿಂಗಪುರದ ಕಥೆಯನ್ನೆಲ್ಲ ಹೇಳಿದೆ. ಮೂಗು ಸೀನಿದ್ದನ್ನೊಂದು ಬಿಟ್ಟೆ. “ಅಲ್ಲಿ ಇದು, ಇಲ್ಲಿ ನಿನ್ನ ಟವಲ್ಲು. ಬಾಗಿಲು ಸರ್ಕಾರದ್ದು, ಮುಚ್ಚಿದೆ. ಸಾಲು ನಿಮ್ಮದು, ನಡೀತಿದೆ. ಇನ್ನೇನು ಬೇಕು? ಟವಲ್ ಎತ್ಕೊಂಡು ನಡಿ ಮಂಡಿಗೆ!”

ಶಿವಣ್ಣ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಮುಖದಲ್ಲಿ ನಗು ಇರಲಿಲ್ಲ. ಅವನ ಇಡೀ ವರ್ಷ ಆ ಅಟ್ಟದ ಮೇಲಿತ್ತು ಎಂಬುದು ಅಲ್ಲಿಯವರೆಗೆ ನನಗೆ ಅಷ್ಟಾಗಿ ತಟ್ಟಿರಲಿಲ್ಲ.

“ಟವಲ್ಲು ನಮ್ದೇ ಭಾವ, ಒಪ್ಕಂಡೆ. ಆದ್ರೆ ಬಸ್ಸು ಯಾರ್ದು? ಬಸ್ಸೇ ಬರ್ದಿದ್ರೆ ನೀವು ಟವಲ್ ಎಲ್ಲೀಗ್ ಹಾಕ್ತಿದ್ರಿ?”

ಮರದ ಕೆಳಗಿದ್ದವರೆಲ್ಲ “ಅಂಗೇಳು!” ಎಂದರು. ನಾನು ಉತ್ತರ ಕೂಡಿಸುತ್ತಿರುವಾಗಲೇ ಗಿರಿಜ ತಮ್ಮನಿಗೆ ತಿಂಡಿ ಡಬ್ಬಿ ಹಿಡಿದು ಬಂದಳು. ಶಿವಣ್ಣ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಬರಲು ಟವಲ್ ಎತ್ತಿಕೊಂಡ. “ಭಾವ, ವಸಿ ಜಾಗ ನೋಡ್ಕಳಿ,” ಎಂದ.

“ನಾನ್ಯಾಕೆ ನೋಡ್ಕೋಬೇಕು? ಇದು ನೋಡ್ಕೊಳುತ್ತೆ,” ಎಂದು ಟವಲ್ಲಿದ್ದ ಜಾಗದಲ್ಲಿ ಟಿಶ್ಯೂ ಪೊಟ್ಟಣ ಇಟ್ಟು, ಸಿಂಗಪುರದ ಶಿಸ್ತು ಇದೇ ಎಂದು ಘೋಷಿಸಿ, ಗೇಟಿನ ಹತ್ತಿರ ಟೀ ಕುಡಿಯಲು ಹೋದೆ.

ಲೋಟಕ್ಕೆ ಬಾಯಿ ಇಟ್ಟಿದ್ದೆನಷ್ಟೆ, ಕೇಂದ್ರದ ಬಾಗಿಲು ತೆರೆಯಿತು. ಎಲ್ಲರೂ ಎದ್ದು ತಮ್ಮ ತಮ್ಮ ಚಪ್ಪಲಿ ಮೆಟ್ಟಿ, ತಮ್ಮ ತಮ್ಮ ಕಲ್ಲಿನ ಹತ್ತಿರ ನಿಂತರು. ಓಡಿ ಬಂದು ನೋಡುತ್ತೇನೆ, ಶಿವಣ್ಣನ ಜಾಗದಲ್ಲಿ ಒಬ್ಬ ಹಿರಿಯ ರೈತರು ನಿಂತು, ಒಂದು ಟಿಶ್ಯೂವಿನಿಂದ ಹಣೆ, ಇನ್ನೊಂದರಿಂದ ಕತ್ತು ಒರೆಸಿಕೊಳ್ಳುತ್ತಿದ್ದಾರೆ.

“ಯಜಮಾನ್ರೇ, ಅದು ನಮ್ಮ ಜಾಗ!”

“ಯಾವ್ದು ಸಾ? ಯಾರೂ ಇರ್ನಿಲ್ವಲ್ಲ.”

“ಅದೇ, ಆ ಪೊಟ್ಟಣ!”

“ಇದಾ? ಬಿದ್ದಿತ್ತು ಸಾ, ಬೆವ್ರು ಒರೆಸ್ಕಂಡೆ. ಒಳ್ಳೆ ತಣ್ಣಗದೆ.” ಅವರು ನನ್ನ ಮುಖ ನೋಡಿದರು. ಏನೋ ಹೊಳೆದಂತಾಗಿ ಸೊಂಟದ ಚೀಲಕ್ಕೆ ಕೈ ಹಾಕಿದರು. “ನಿಮ್ದಾ ಸಾ? ಎಷ್ಟು ಕೊಡ್ಬೇಕು?”

ನನ್ನ ಮುಖ ಹೇಗಾಯಿತೋ ನನಗೆ ಕಾಣಲಿಲ್ಲ. ಸಿಂಗಪುರದ ಆ ಹುಡುಗಿಯ ಮುಖದ ಹಾಗೇ ಆಗಿರಬೇಕು. ಬೇಡವೆಂದು ಕೈ ಆಡಿಸಿ ಅವರ ಮುಂದೆ ಹೋಗಿ ನಿಲ್ಲಲು ನೋಡಿದೆ. ಅದೇ ತಪ್ಪಾಯಿತು.

“ಏಯ್, ಮಂಡಿ ಸಾವ್ಕಾರ್ರು ಸಾಲ್ಗೆ ನುಗ್ತಾವ್ರೆ ಕಣ್ರಲಾ!”

“ರೈತ್ರ ಎಸರಲ್ಲಿ ತಮ್ ಮಾಲು ಹಾಕಾಕೆ ಬಂದವ್ರೆ!”

“ಎಳೀರಿ ಈಚೀಕೆ!”

ಯಾರೋ ನನ್ನ ಅಂಗಿ ಹಿಡಿದರು. ಯಾರೋ ಚಪ್ಪಲಿ ತುಳಿದರು. ಶಿವಣ್ಣ ಎಲ್ಲಿದ್ದಾನೋ ಕಾಣಿಸುತ್ತಿಲ್ಲ, ಅವನ ಜಾಗ ಕಳೆದಿದ್ದೇನೆ, ಅವನ ವರ್ಷವನ್ನೇ ಕಳೆಯುತ್ತೇನೇನೋ ಎನಿಸಿತು. ನಿಜವಾಗಿ ಹೆದರಿದೆ. ಮುಂದಿನ ಮಾತು ನಾನು ಯೋಚಿಸಿ ಆಡಿದ್ದಲ್ಲ. ಎಲ್ಲಿತ್ತೋ ಅಷ್ಟು ದೊಡ್ಡ ದನಿ, ಅದಾಗಿಯೇ ಬಂತು:

“ಯಾರ್ರೀ ಒಳಗೆ ಇರೋದು? ಆಫೀಸರು ಹೊರಗೆ ಬನ್ರೀ! ಪೊಲೀಸ್ನೋರನ್ನ ಕರೀರಿ! ಇಲ್ಲಿ ಸರ್ಕಾರ ಅನ್ನೋದು ಇದೆಯೋ, ಸತ್ತು ಹೋಗಿದೆಯೋ?”

ಯಾರ್ಡು ಗಪ್ಪನೆ ನಿಂತಿತು. ಅಂಗಿ ಹಿಡಿದ ಕೈ ತಾನಾಗಿ ಸಡಿಲವಾಯಿತು. ಚನ್ನರಾಯಪಟ್ಟಣದ ಅಷ್ಟೂ ಕೊಬ್ಬರಿ ವ್ಯಾಪಾರ ಕಿವಿಗೊಟ್ಟು ನಿಂತಿರುವಾಗ, ಹೊಂಗೆ ಮರದ ಕೆಳಗಿಂದ ಒಂದು ನಗು ಕೇಳಿಸಿತು. ಗಿರಿಜ ತಿಂಡಿ ಡಬ್ಬಿಯನ್ನು ನೆಲಕ್ಕಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮರಕ್ಕೆ ಒರಗಿ ನಗುತ್ತಿದ್ದಳು. ತೀರ್ಪು ಬಂದಾಗಿತ್ತು.

ಹಿರಿಯ ರೈತರು ಮಾತ್ರ ನಗಲಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಸರಿದು, ‘ಭಾವ, ಭಾವ’ ಎಂದು ಕೂಗುತ್ತ ಓಡಿ ಬಂದ ಶಿವಣ್ಣನಿಗೆ ಜಾಗ ಬಿಟ್ಟರು. “ಸರ್ಕಾರ ಯಾಕ್ ಸಾ? ‘ನಮ್ ಭಾಮೈದ ಇಲ್ಲಿದ್ದ’ ಅಂದಿದ್ರೆ ನಾನೇ ಬುಡ್ತಿರ್ನಿಲ್ವಾ?”

ಕನ್ನಡಿಯ ಮುಂದೆ

ನೋಂದಣಿ ಮುಗಿಸಿ ಬಂದ ಶಿವಣ್ಣ ನನ್ನನ್ನು ನೇರವಾಗಿ ಯಾರ್ಡಿನ ಎದುರಿನ ಕ್ಷೌರದಂಗಡಿಗೆ ಕರೆದುಕೊಂಡು ಹೋದ. ಹಿಂದೆ ಒಂದು ಮೆರವಣಿಗೆಯೇ ಬಂತು. ಹಿರೀಸಾವೆಯ ನಂಜಪ್ಪನಿಗೂ ಯಾರೋ ಫೋನ್ ಮಾಡಿದ್ದರು. ಅವನು ಗಲ್ಲಾಪೆಟ್ಟಿಗೆ ಬಿಟ್ಟು ಬರಲಾಗದೆ ವಿಡಿಯೋ ಕರೆಯಲ್ಲಿ ಹಾಜರಾದ.

“ಎಡಕ್ಕಾ ಬಲಕ್ಕಾ ಸಾ?” ಎಂದ ಕ್ಷೌರದವನು, ಕತ್ತಿ ಮಸೆಯುತ್ತ.

“ಅದು ಭಾವ್ನೋರ ಇಷ್ಟ,” ಎಂದ ಶಿವಣ್ಣ. “ಅದ್ರಲ್ಲಿ ನಾವ್ಯಾರೂ ಕೈ ಹಾಕಾಕಿಲ್ಲ.”

ಎಡಗಡೆಯದು ಹೋಯಿತು. ಅಪ್ಪನ ಕಾಲದ ಮೀಸೆ, ಎರಡು ಎಳೆತಕ್ಕೆ ಹೋಯಿತು. ನಿಜವಾಗಿಯೂ ಒಂದು ಕ್ಷಣ ಕಣ್ಣಲ್ಲಿ ನೀರು ಬಂತು. ಶಿವಣ್ಣ ಅದನ್ನು ನೋಡಿಬಿಟ್ಟ. ಹತ್ತಿರ ಬಂದು ಕಿವಿಯಲ್ಲಿ ಹೇಳಿದ: “ಬೇಜಾರ್ ಮಾಡ್ಕಬ್ಯಾಡಿ ಭಾವ. ಸರ್ಕಾರ್ದೋರು ಒಬ್ಬೊಬ್ರಿಂದ ಇಂತಿಷ್ಟೇ ಅಂತ ತಗಳಾದು. ಮಿಕ್ಕಿದ್ದು ಎಲ್ಲಿಗ್ ಬತ್ತದೆ? ನಿಮ್ ಮಂಡೀಗೇ ಬತ್ತದೆ. ಆದ್ರೆ ಸ್ಯಾಂಪಲ್ಲು ಮಾತ್ರ ಕೊಡಾಕಿಲ್ಲ.”

ಗುಂಪು ಚದುರಿತು. ಕ್ಷೌರದವನು ಬಟ್ಟೆ ಕೊಡವಲು ಕೈ ಹಾಕಿದ. ನಾನು ಕುರ್ಚಿಯಿಂದ ಏಳಲಿಲ್ಲ. ಕನ್ನಡಿಯಲ್ಲಿ ಒಂದು ಕಡೆ ನನ್ನ ಅಪ್ಪ, ಇನ್ನೊಂದು ಕಡೆ ಯಾರೋ ಅಪರಿಚಿತ. ಬಾಗಿಲಲ್ಲಿ ನಿಂತಿದ್ದ ಗಿರಿಜ ಇನ್ನೂ ನಗುತ್ತಲೇ ಇದ್ದಳು.

“ಉಳಿದದ್ದೂ ತೆಗಿ,” ಎಂದೆ.

ಎಡ ಮೀಸೆ ಹೋದದ್ದು ಪಂದ್ಯದ ಒತ್ತಾಯಕ್ಕೆ. ಬಲ ಮೀಸೆಯನ್ನು ತೆಗೆಸಿದವನು ನಾನೇ, ಪೂರ್ತಿ ಸ್ವಂತ ಇಚ್ಛೆಯಿಂದ, ಬಿಡಿಗಾಸಿನ ಸಹಾಯಧನವಿಲ್ಲದೆ. ಅಷ್ಟು ದೂರ ಸಿಂಗಪುರದವರೆಗೆ ಹೋಗಿ ಹುಡುಕಿದರೂ ಸಿಗದ, ಸರ್ಕಾರದ ಕೈ ಸೋಕದ ಆ ಒಂದು ಯವಾರ ಕೊನೆಗೆ ನನ್ನ ಮೂಗಿನ ಕೆಳಗೇ ಸಿಕ್ಕಿತು. ಶಿವಣ್ಣನನ್ನು ಕೂಗಿ ಕರೆದು ತೋರಿಸೋಣವೆಂದು ಎದ್ದೆ. ಅಷ್ಟರಲ್ಲಿ ಅವನು ಹಿರೀಸಾವೆಯ ಬಸ್ಸಿನ ಕಿಟಕಿಗೆ ಟವಲ್ ಹಾಕಿಯಾಗಿತ್ತು.